ಮೊದಲ ಸ್ಪೋರ್ಟ್ಸ್ ಬೈಕ್: ಶೋರೂಮಿನ ಹೊಸದೋ, ಪರಿಚಯದವರ ಹಳೆಯದೋ?

ರಾಮದುರ್ಗ ತಾಲೂಕಿನ ಸುರೇಬಾನದಲ್ಲಿರುವ ನಮ್ಮ ತಂಡದೊಬ್ಬರ ಸೋದರಮಾವನ ಮಗ ಕಳೆದ ಸುಗ್ಗಿ ಮುಗಿದ ಮೇಲೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದ. “ಅಕ್ಕಾ, ಸ್ಪೋರ್ಟ್ಸ್ ಗಾಡಿ ತಗೊಳ್ಳೂದಂತೂ ಖರೆ. ಹೊಸಾದ ತರೂನೋ, ಸೆಕೆಂಡ್ ಹ್ಯಾಂಡ್ ನೋಡೂನೋ?”

ಗೆಳೆಯರು ಅವನಿಗೆ ಹೇಳಿದ್ದು, “ಹೊಸಾದ ಅಂದ್ರ ಐದ ವರ್ಷ ಚಿಂತಿ ಇಲ್ಲ.” ಅಪ್ಪ ಹೇಳಿದ್ದು, “ಅರ್ಧ ರೊಕ್ಕಕ್ಕ ಸಿಗೂದನ್ನ ಪೂರಾ ರೊಕ್ಕ ಕೊಟ್ಟ ಯಾಕ ತರತಿ?” ಅವ್ವನದು ಬೇರೆಯೇ ಮಾತು: “ಯಾವದರ ತಾ, ಹೊತ್ತ ಮುಳಗೂದ್ರಾಗ ಮನಿಗಿ ಬಾ.”

ಸ್ಪೋರ್ಟ್ಸ್ ಕಾರು ಬೆಂಗಳೂರಿನ ರಸ್ತೆಯಲ್ಲಿ ಕಂಡೀತು. ನಮ್ಮ ಕಡೆಯ ಹುಡುಗರ ಕನಸಿನ ಸ್ಪೋರ್ಟ್ಸ್ ಗಾಡಿಗೆ ಎರಡೇ ಚಕ್ರ. 2003ರಲ್ಲಿ ಕರಿಜ್ಮಾ, 2008ರಲ್ಲಿ ಯಮಹಾ ಆರ್15 ಬಂದ ಮೇಲೆ ಈ ಕನಸು ಹಳ್ಳಿಗಳಿಗೂ ತಲುಪಿತು. ಆದರೆ ಆಯ್ಕೆಯ ಪ್ರಶ್ನೆ ಕಾರಿಗೂ ಬೈಕಿಗೂ ಒಂದೇ. ಹಾಗಾಗಿ ಹೊಸದು–ಹಳೆಯದರ ಬಗ್ಗೆ ಜನ ನಂಬಿರುವ ಮಾತುಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡೋಣ.

ನಂಬಿಕೆ 1: “ಹಳೆಯದು ಅರ್ಧ ಬೆಲೆಗೆ ಬರುತ್ತದೆ, ಅರ್ಧ ಹಣ ಉಳಿಯುತ್ತದೆ”

ಇದು ಭಾಗಶಃ ನಿಜ. ಗಾಡಿಯ ಬೆಲೆ ಪ್ರತಿ ವರ್ಷ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಇನ್ಶೂರೆನ್ಸ್ ಕಂಪನಿಗಳು ಗಾಡಿಯ ಮೌಲ್ಯ ಕಟ್ಟಲು ಬಳಸುವ ಪಟ್ಟಿಯ ಪ್ರಕಾರ ಮೊದಲ ಆರು ತಿಂಗಳಿಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡು ವರ್ಷದೊಳಗೆ ಶೇ 20, ಮೂರು ವರ್ಷದೊಳಗೆ ಶೇ 30, ನಾಲ್ಕು ವರ್ಷದೊಳಗೆ ಶೇ 40, ಐದು ವರ್ಷದೊಳಗೆ ಶೇ 50ರಷ್ಟು ಕಡಿತವಾಗುತ್ತದೆ. ಇದು ಸಂತೆಯ ದರವಲ್ಲ. ಬೇಡಿಕೆಯಿರುವ ಗಾಡಿ ಇದಕ್ಕಿಂತ ಹೆಚ್ಚಿಗೆ ಹೋಗುತ್ತದೆ, ಬೇಡವಾದ ಗಾಡಿ ಕಡಿಮೆಗೆ. ಆದರೂ ಅಂದಾಜಿಗೆ ಸಾಕು.

ಇದರ ಜೊತೆಗೆ ಮರಳಿ ಬಾರದ ಖರ್ಚೊಂದಿದೆ. ಅದು ರಸ್ತೆ ತೆರಿಗೆ. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ದಾಟಿದ ಬೈಕಿಗೆ ಜೀವಿತಾವಧಿ ತೆರಿಗೆ ಶೇ 18. ಎರಡು ಲಕ್ಷದ ಬೈಕಿಗೆ 36,000 ರೂಪಾಯಿ. ಅದನ್ನು ಕಟ್ಟುವವರು ಮೊದಲ ಮಾಲೀಕರು. ಅದೇ ರಾಜ್ಯದಲ್ಲಿ ಎರಡನೆಯವರ ಹೆಸರಿಗೆ ಗಾಡಿ ಹೋದಾಗ ಆ ತೆರಿಗೆ ಮತ್ತೆ ಬೀಳುವುದಿಲ್ಲ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆ ಮಾತ್ರ, ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಶೋರೂಮ್ ಬೆಲೆ 2,00,000, ತೆರಿಗೆ 36,000, ಇನ್ಶೂರೆನ್ಸ್ ಮತ್ತಿತರ ಖರ್ಚು 14,000. ಕೈಯಿಂದ ಹೋದದ್ದು 2,50,000. ಮೂರು ವರ್ಷ ದಾಟಿದ ಮೇಲೆ ಅದು 1,20,000ಕ್ಕೆ ಮಾರಾಟವಾದರೆ ನಷ್ಟ 1,30,000. ಅದೇ ಗಾಡಿಯನ್ನು ಇನ್ನೊಬ್ಬರು 1,20,000ಕ್ಕೆ ಕೊಂಡು, ಟೈರು, ಚೈನ್, ಬ್ರೇಕ್, ಇನ್ಶೂರೆನ್ಸ್, ಹೆಸರು ಬದಲಾವಣೆ ಎಂದು 20,000 ಹಾಕಿ, ಮತ್ತೆ ಮೂರು ವರ್ಷ ಓಡಿಸಿ 70,000ಕ್ಕೆ ಮಾರಿದರೆ ಅವರ ನಷ್ಟ 70,000. ವ್ಯತ್ಯಾಸ 60,000, ಅಂದರೆ ವರ್ಷಕ್ಕೆ 20,000.

ಅರ್ಧ ಹಣವೇನೂ ಉಳಿಯಲಿಲ್ಲ. ಉಳಿದದ್ದು ಮೂರು ವರ್ಷಕ್ಕೆ 60,000. ಆ ಗಾಡಿಯ ಒಳಗೆ 40,000 ರೂಪಾಯಿಯ ಎಂಜಿನ್ ಕೆಲಸ ಅಡಗಿದ್ದರೆ ಆ ಉಳಿತಾಯದ ಮೂರನೇ ಎರಡು ಭಾಗ ಹೋಯಿತು. ಹಳೆಯದರಲ್ಲಿ ಉಳಿಯುವ ಹಣ ಬಿಟ್ಟಿಯಲ್ಲ, ನಮಗೆ ಕಾಣದ ತೊಂದರೆಯ ಹೊಣೆ ಹೊತ್ತದ್ದಕ್ಕೆ ಸಿಗುವ ಕೂಲಿ.

ಇನ್ನೊಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಅದಕ್ಕೂ ಮೊದಲು ಕೊಂಡವರು ತಾವು ಕೊಟ್ಟ ಹಳೆಯ ದರ ಹಿಡಿದುಕೊಂಡು ಬೆಲೆ ಹೇಳುತ್ತಾರೆ. ನೀವು ಇವತ್ತಿನ ಹೊಸ ಗಾಡಿಯ ದರ ಕೇಳಿಕೊಂಡು ಹೋಗಿ, ಅಲ್ಲಿಂದ ಇಳಿಸಿ ಚೌಕಾಸಿ ಮಾಡಿ.

ನಂಬಿಕೆ 2: “ಹೊಸದಕ್ಕೆ ಐದು ವರ್ಷ ಇನ್ಶೂರೆನ್ಸ್ ಇರುತ್ತದೆ”

ಇದು ಅರ್ಧ ಸತ್ಯ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಥರ್ಡ್ ಪಾರ್ಟಿ ಎಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಪರಿಹಾರ. ನಿಮ್ಮ ಗಾಡಿ ಮುರಿದರೆ, ಕಳುವಾದರೆ ಹಣ ಕೊಡುವುದು ‘ಓನ್ ಡ್ಯಾಮೇಜ್’ ಎಂಬ ಇನ್ನೊಂದು ಭಾಗ. ಅದು ಸಾಮಾನ್ಯವಾಗಿ ಮೊದಲ ಒಂದು ವರ್ಷಕ್ಕೆ ಮಾತ್ರ. ಎರಡನೇ ವರ್ಷದಿಂದ ನೀವೇ ನೆನಪಿಟ್ಟು ಕಟ್ಟಬೇಕು. ಸ್ಪೋರ್ಟ್ಸ್ ಬೈಕಿನ ಮೈತುಂಬ ಫೇರಿಂಗ್, ಅಂದರೆ ಪ್ಲಾಸ್ಟಿಕ್ ಕವಚ. ನಿಂತಲ್ಲೇ ಒಮ್ಮೆ ಮಗ್ಗುಲಾದರೂ ಸಾವಿರಾರು ರೂಪಾಯಿ ಖರ್ಚು. ಹೊಸದಾಗಿ ಕಲಿಯುವವರ ಕೈಯಲ್ಲಿ ಗಾಡಿ ಒಮ್ಮೆಯಾದರೂ ಮಗ್ಗುಲಾಗುತ್ತದೆ.

ಹಳೆಯದನ್ನು ಕೊಳ್ಳುವವರಿಗೂ ಒಂದು ತಪ್ಪು ತಿಳುವಳಿಕೆ ಇದೆ. “ಇದಕ್ಕ ಫುಲ್ ನೋ ಕ್ಲೈಮ್ ಬೋನಸ್ ಐತಿ” ಎಂದು ಮಾರುವವರು ಹೇಳಿದರೆ ಅದನ್ನು ಬೆಲೆಯಲ್ಲಿ ಸೇರಿಸಬೇಡಿ. ಆ ರಿಯಾಯಿತಿ ಮಾಲೀಕರಿಗೆ ಸೇರಿದ್ದು, ಗಾಡಿಗಲ್ಲ. ನಿಮಗೆ ವರ್ಗವಾಗುವುದಿಲ್ಲ.

ನಂಬಿಕೆ 3: “ಸಾಲ ಸಿಗುತ್ತದೆ, ಹಾಗಾದರೆ ಯಾವುದಾದರೇನು?”

ಹಳೆಯ ಗಾಡಿಯ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೆಚ್ಚು. ಹೊಸ ಗಾಡಿಗೆ 1,50,000 ರೂಪಾಯಿ ಸಾಲವನ್ನು ಶೇ 12ರ ಬಡ್ಡಿಗೆ ಮೂರು ವರ್ಷಕ್ಕೆ ತೆಗೆದರೆ ಒಟ್ಟು ಬಡ್ಡಿ ಸುಮಾರು 29,400. ಹಳೆಯ ಗಾಡಿಗೆ 1,00,000 ರೂಪಾಯಿಯನ್ನು ಶೇ 18ರ ಬಡ್ಡಿಗೆ ತೆಗೆದರೆ ಒಟ್ಟು ಬಡ್ಡಿ ಸುಮಾರು 30,100. ಸಾಲ 50,000 ಕಡಿಮೆಯಾದರೂ ಬಡ್ಡಿ ಅಷ್ಟೇ! ಹಳೆಯದರ ಲಾಭ ಹೆಚ್ಚಾಗಿ ಸಿಗುವುದು ಕೈಯಲ್ಲಿ ನಗದಿದ್ದವರಿಗೆ.

ಸುರೇಬಾನದಂಥ ಊರಲ್ಲಿ ಇನ್ನೊಂದು ಲೆಕ್ಕವೂ ಇದೆ. ಕಂತು ತಿಂಗಳಿಗೊಮ್ಮೆ ಬರುತ್ತದೆ. ಹತ್ತಿ, ಕಡಲೆ, ಜೋಳದ ಹಣ ಬರುವುದು ವರ್ಷಕ್ಕೊಮ್ಮೆ, ಅದೂ ಮಳೆ ಒಪ್ಪಿದರೆ. ಮೂರು ತಿಂಗಳ ಕಂತನ್ನು ಬೇರೆ ತೆಗೆದಿಡಲು ಆಗದಿದ್ದರೆ ಆ ಗಾಡಿ ನಿಮ್ಮ ಕೈಗೆ ಮೀರಿದ್ದು ಎಂದೇ ತಿಳಿಯಿರಿ.

ಒಳ್ಳೆಯ ಹಳೆಯ ಗಾಡಿ ಸಿಗುವುದು ಏಕೆ ಕಷ್ಟ?

ನಾವು ಹೊಸ ಗಾಡಿಯ ಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅಮೆರಿಕದವರು ಕೆಟ್ಟ ಗಾಡಿಯನ್ನೇ ‘ನಿಂಬೆಹಣ್ಣು’ ಎಂದು ಕರೆಯುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಈ ನಿಂಬೆಹಣ್ಣುಗಳ ಸಂತೆಯ ಬಗ್ಗೆ ಒಂದು ಪ್ರಬಂಧ ಬರೆದರು. 2001ರಲ್ಲಿ ಅವರಿಗೆ ಇಬ್ಬರೊಂದಿಗೆ ನೊಬೆಲ್ ಸಿಕ್ಕಿತು.

ಅವರ ವಾದ ಸರಳ. ಗಾಡಿಯ ಒಳಗುಟ್ಟು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯದ ಕಾರಣ ಕೊಳ್ಳುವವರು ಎಲ್ಲಕ್ಕೂ ನಡುವಿನ ಬೆಲೆ ಹೇಳುತ್ತಾರೆ. ಒಳ್ಳೆಯ ಗಾಡಿಯ ಮಾಲೀಕರಿಗೆ ಆ ಬೆಲೆ ಸಾಲದು, ಅವರು ಮಾರುವುದಿಲ್ಲ. ಕೆಟ್ಟ ಗಾಡಿಯವರಿಗೆ ಅದೇ ಲಾಭ, ಅವರು ಮಾರುತ್ತಾರೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಹೆಚ್ಚಾಗಿ ನಿಂಬೆಹಣ್ಣುಗಳೇ.

ಮೊಬೈಲಿನಲ್ಲಿ ಫೋಟೋ ನೋಡಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಗಾಡಿ ತರುವವರು ನಿಂತಿರುವುದು ಈ ಸಂತೆಯಲ್ಲಿ. ಆದರೆ ಊರಿನ ಗಾಡಿಯ ಮಾತು ಬೇರೆ. ಅದನ್ನು ಕೊಂಡವರಾರು, ಯಾವ ತಿರುವಿನಲ್ಲಿ ಬಿದ್ದರು, ಯಾವ ಗ್ಯಾರೇಜಿನಲ್ಲಿ ಎಷ್ಟು ದಿನ ನಿಂತಿತ್ತು ಎಂಬುದು ಚಹಾದಂಗಡಿಯಲ್ಲೇ ಸಿಗುತ್ತದೆ. ಗ್ಯಾರೇಜಿನ ಮೇಸ್ತ್ರಿಗೆ ಅದರ ಎಂಜಿನ್ನಿನ ಸದ್ದು ಪರಿಚಯ. ಅಂದರೆ ಅಕರ್ಲಾಫ್ ಹೇಳಿದ ಕತ್ತಲೆ ಸುರೇಬಾನದಲ್ಲಿ ಕಡಿಮೆ. ಹಳ್ಳಿಯಲ್ಲಿ ಹಳೆಯ ಗಾಡಿ ಕೊಳ್ಳುವವರ ದೊಡ್ಡ ಅನುಕೂಲ ಇದೇ. ಅಗ್ಗ ಸಿಕ್ಕಿತೆಂದು ದೂರದ ಗಾಡಿಯ ಹಿಂದೆ ಹೋದವರು ಆ ಅನುಕೂಲವನ್ನು ಬಿಟ್ಟುಕೊಡುತ್ತಾರೆ.

ನಂಬಿಕೆ 4: “ಮೀಟರ್ ಕಡಿಮೆ ಓಡಿದ್ದರೆ ಗಾಡಿ ಒಳ್ಳೆಯದು”

ಎರಡು ಕಾರಣಕ್ಕೆ ಇದನ್ನು ನಂಬಬಾರದು. ಒಂದು, ಡಿಜಿಟಲ್ ಮೀಟರಿನ ಅಂಕಿಯನ್ನೂ ತಿದ್ದಬಹುದು. ಆದ್ದರಿಂದ ಮೀಟರನ್ನು ಗಾಡಿಯ ಮೈಯೊಂದಿಗೆ ಹೋಲಿಸಿ. 8,000 ಕಿಲೋಮೀಟರ್ ತೋರಿಸುವ ಗಾಡಿಯ ಹಿಡಿಕೆಯ ರಬ್ಬರು ನುಣ್ಣಗಾಗಿದ್ದರೆ, ಕಾಲಿಡುವ ಜಾಗ ಸವೆದಿದ್ದರೆ, ಚೈನ್ ಚಕ್ರದ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಏನೋ ತಾಳೆಯಾಗುತ್ತಿಲ್ಲ. ಸರ್ವಿಸ್ ಪುಸ್ತಕದಲ್ಲಿ ಪ್ರತಿ ಸಲ ಬರೆದ ಕಿಲೋಮೀಟರ್ ಏರುತ್ತಾ ಬಂದಿದೆಯೇ ನೋಡಿ.

ಎರಡು, ನಿಂತ ಗಾಡಿಯೂ ಕೆಡುತ್ತದೆ. ರಬ್ಬರು ಗಾಳಿ, ಬಿಸಿಲಿಗೆ ಗಟ್ಟಿಯಾಗುತ್ತದೆ. ಬ್ಯಾಟರಿ ಸಾಯುತ್ತದೆ. ಎಥನಾಲ್ ಬೆರೆತ ಪೆಟ್ರೋಲು ತೇವ ಹೀರುತ್ತದೆ. ಆ ಎಥನಾಲ್‌ನ ಒಂದು ದೊಡ್ಡ ಪಾಲು ಬರುವುದು ನಮ್ಮ ಜಿಲ್ಲೆಯಂಥ ಕಡೆ ಬೆಳೆಯುವ ಕಬ್ಬಿನಿಂದಲೇ. ಶೇ 20 ಎಥನಾಲ್‌ಗೆ ಹೊಂದುವ ಭಾಗಗಳು ಬರತೊಡಗಿದ್ದು 2023ರ ಏಪ್ರಿಲ್ ನಂತರದ ಗಾಡಿಗಳಲ್ಲಿ. ಅದಕ್ಕಿಂತ ಹಳೆಯದಾದರೆ ಇಂಧನದ ಪೈಪು, ಸೀಲುಗಳನ್ನು ಮೇಸ್ತ್ರಿಗೆ ತೋರಿಸಿ. ಎರಡು ವರ್ಷ ಮನೆಯಲ್ಲಿ ಹೊದಿಕೆ ಹಾಕಿಟ್ಟ ಗಾಡಿಗಿಂತ, ವಾರಕ್ಕೆ ನಾಲ್ಕು ದಿನ ಓಡಿ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಗಾಡಿ ಎಷ್ಟೋ ಸಲ ಮೇಲು.

ನಂಬಿಕೆ 5: “ಹೊಸದು ಎಂದರೆ ಸುರಕ್ಷಿತ, ಹಳೆಯದು ಎಂದರೆ ಅಪಾಯ”

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು. ಜೀವದ ಲೆಕ್ಕದಲ್ಲಿ ಗಾಡಿಯ ಹೊಳಪಿಗಿಂತ ಮುಖ್ಯವಾದವು ನಾಲ್ಕು.

ಮೊದಲನೆಯದು ಎಬಿಎಸ್. ಗಾಬರಿಯಲ್ಲಿ ಬ್ರೇಕ್ ಬಿಗಿಯಾಗಿ ಹಿಡಿದಾಗ ಚಕ್ರ ತಿರುಗುವುದು ನಿಂತು ಗಾಡಿ ಜಾರುತ್ತದೆ. ಎಬಿಎಸ್ ಬ್ರೇಕಿನ ಒತ್ತಡವನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿದು ಚಕ್ರ ತಿರುಗುತ್ತಲೇ ಇರುವಂತೆ ನೋಡಿಕೊಳ್ಳುತ್ತದೆ. ಅಮೆರಿಕದ ಅಧ್ಯಯನವೊಂದರಲ್ಲಿ ಎಬಿಎಸ್ ಇರುವ ಬೈಕುಗಳ ಮಾರಣಾಂತಿಕ ಅಪಘಾತದ ದರ ಶೇ 22ರಷ್ಟು ಕಡಿಮೆ ಇತ್ತು. ಭಾರತದಲ್ಲಿ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ ಇದು ಕಡ್ಡಾಯವಾದದ್ದು 2019ರ ಏಪ್ರಿಲ್ 1ರಿಂದ. ಅದಕ್ಕಿಂತ ಹಳೆಯ ಗಾಡಿಯಲ್ಲಿ ಎಬಿಎಸ್ ಇಲ್ಲದಿರಬಹುದು. ಮೊದಲ ಸ್ಪೋರ್ಟ್ಸ್ ಬೈಕಿಗೆ ಎಬಿಎಸ್ ಇಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ ಎಂಬುದು ನಮ್ಮ ಸಲಹೆ.

ಎರಡನೆಯದು ಟೈರು. ಗೀರು ಉಳಿದಿದ್ದರೆ ಟೈರು ಚೆನ್ನಾಗಿದೆ ಎಂದಲ್ಲ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. ‘2319’ ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ, ಸಣ್ಣ ಬಿರುಕುಗಳಿದ್ದರೆ ಹೊಸ ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಹೊಸ ಟೈರಿಗೂ ಎಚ್ಚರ ಬೇಕು. ಅದರ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರ್ ತಿರುವುಗಳಲ್ಲಿ ನಿಧಾನವಾಗಿರಿ.

ಮೂರನೆಯದು ಬ್ರೇಕ್. ಡಿಸ್ಕಿನ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಈ ಮಟ್ಟ 155 ಡಿಗ್ರಿಗೆ ಇಳಿಯಬಹುದು. ಕುದ್ದರೆ ಪೈಪಿನಲ್ಲಿ ಗುಳ್ಳೆ ಬಂದು ಬ್ರೇಕ್ ಹಿಡಿದರೂ ಹಿಡಿಯದಂತಾಗುತ್ತದೆ. ಹಳೆಯ ಗಾಡಿ ಕೊಂಡ ದಿನವೇ ಇದನ್ನು ಬದಲಾಯಿಸಿ.

ನಾಲ್ಕನೆಯದು ಚೌಕಟ್ಟು. ಬಿದ್ದ ಗಾಡಿಗೆ ಹೊಸ ಫೇರಿಂಗ್ ಹಾಕಿದರೆ ಹೊಸದರಂತೆ ಕಾಣುತ್ತದೆ. ಹ್ಯಾಂಡಲ್ ತುದಿ ಉಜ್ಜಿದೆಯೇ, ಬ್ರೇಕ್ ಮತ್ತು ಕ್ಲಚ್ ಲಿವರ್ ಬಾಗಿವೆಯೇ, ಮುಂದಿನ ಶಾಕಿನಿಂದ ಆಯಿಲ್ ಜಿನುಗುತ್ತಿದೆಯೇ, ಹ್ಯಾಂಡಲ್ ಕೆಳಗಿನ ಚೌಕಟ್ಟಿನ ಬಣ್ಣದಲ್ಲಿ ಬಿರುಕಿದೆಯೇ ನೋಡಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿದಾಗ ಗಾಡಿ ಒಂದು ಕಡೆಗೆ ಎಳೆದರೆ ಅಲ್ಲಿಗೇ ಮಾತು ಮುಗಿಸಿ.

ನಂಬಿಕೆ 6: “ನಮ್ಮವರೇ ಅಲ್ಲವೇ, ಹೆಸರು ಆಮೇಲೆ ಬದಲಾಯಿಸಿದರಾಯಿತು”

ಊರಿನ ಪರಿಚಯ ಅನುಕೂಲ ಎಂದೆವು. ಅದೇ ಪರಿಚಯ ಇಲ್ಲಿ ತೊಂದರೆಗೂ ದಾರಿ ಮಾಡುತ್ತದೆ. ಬೀಗರ ಗಾಡಿ, ಗೆಳೆಯನ ಗಾಡಿ ಎಂದು ರೊಕ್ಕ ಕೊಟ್ಟು ಕೀಲಿ ತಂದು ವರ್ಷಗಟ್ಟಲೆ ಹಾಗೇ ಓಡಿಸುವವರಿದ್ದಾರೆ. ಕಾನೂನಿನ ಪ್ರಕಾರ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಗಾಡಿ ಎಷ್ಟು ಕೈ ಬದಲಾಗಿದ್ದರೂ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ. ಹೆಸರು ಬದಲಾಯಿಸದಿದ್ದರೆ ಮಾರಿದವರು ಕೋರ್ಟಿಗೆ ಅಲೆಯುತ್ತಾರೆ, ಕೊಂಡವರ ವಿಮೆಯ ಹಣ ನಿಲ್ಲಬಹುದು. ಸಂಬಂಧ ಉಳಿಯಬೇಕೆಂದರೆ ಕಾಗದ ಮೊದಲು ಆಗಬೇಕು.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಕೇಳಿ. ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿದ್ದಂತೆಯೇ ಇವೆಯೇ ನೋಡಿ. ಬಾಕಿ ದಂಡಗಳನ್ನು ಪರಿವಾಹನ್ ತಾಣದಲ್ಲಿ ಪರೀಕ್ಷಿಸಿ.

ಬೆಳಗಾವಿ ಜಿಲ್ಲೆಯವರಿಗೆ ಇನ್ನೊಂದು ಆಸೆ ಗಡಿಯಾಚೆಯದು. ಕೊಲ್ಹಾಪುರದಲ್ಲೋ ಗೋವಾದಲ್ಲೋ ಗಾಡಿ ಹತ್ತಿಪ್ಪತ್ತು ಸಾವಿರ ಅಗ್ಗ ಸಿಗಬಹುದು. ಆದರೆ ಅಲ್ಲಿಯ ಎನ್‌ಒಸಿ ತಂದು, ಇಲ್ಲಿ ಹೊಸ ನಂಬರ್ ಪಡೆದು, ಗಾಡಿಯ ವಯಸ್ಸಿಗೆ ತಕ್ಕ ಕರ್ನಾಟಕದ ತೆರಿಗೆ ಕಟ್ಟಬೇಕು. ಆ ಮೊತ್ತ ಸೇರಿಸಿದರೆ ಬೈಲಹೊಂಗಲದ ‘ಕೆಎ 24’ ನಂಬರಿನ ಗಾಡಿಯೇ ಅಗ್ಗವಾದೀತು.

ಹಾಗಾದರೆ ಯಾರಿಗೆ ಯಾವುದು?

ಹೊಸದು ಸರಿ ಎನಿಸುವುದು ಇಂಥವರಿಗೆ: ಐದಾರು ವರ್ಷ ಅದನ್ನೇ ಇಟ್ಟುಕೊಳ್ಳುವವರು, ಕಡಿಮೆ ಬಡ್ಡಿಗೆ ಸಾಲ ಸಿಗುವವರು, ಗಾಡಿ ಪರೀಕ್ಷಿಸಬಲ್ಲ ಪರಿಚಯದ ಮೇಸ್ತ್ರಿ ಇಲ್ಲದವರು. ಕೊಳ್ಳುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್ ರಾಮದುರ್ಗದಲ್ಲಿದೆಯೋ, ಹುಬ್ಬಳ್ಳಿ ಅಥವಾ ಬೆಳಗಾವಿಗೇ ಹೋಗಬೇಕೋ ಕೇಳಿ. ವಾರಂಟಿ ಉಳಿಯಬೇಕೆಂದರೆ ಸರ್ವಿಸ್ ಅಲ್ಲೇ ಆಗಬೇಕು.

ಹಳೆಯದು ಸರಿ ಎನಿಸುವುದು ಇಂಥವರಿಗೆ: ಮೊದಲ ಸಲ ಇಂಥ ಗಾಡಿ ಹತ್ತುವವರು, ಎರಡು ಮೂರು ವರ್ಷದಲ್ಲಿ ಬದಲಾಯಿಸುವವರು, ಸಾಲವಿಲ್ಲದೆ ಕೊಳ್ಳಬಲ್ಲವರು, ಗಾಡಿಯ ಚರಿತ್ರೆ ಗೊತ್ತಿರುವವರು. ಎರಡರಿಂದ ನಾಲ್ಕು ವರ್ಷದ, ಎಬಿಎಸ್ ಇರುವ, ಒಬ್ಬರೇ ಓಡಿಸಿದ, ಊರಿನ ಸುತ್ತಮುತ್ತಲ ಗಾಡಿ ಸಿಕ್ಕರೆ ಮೊದಲ ಗಾಡಿಯಾಗಿ ಅದೇ ಮೇಲು. ಬಿದ್ದರೂ ಹೊಸದಕ್ಕಾದಷ್ಟು ಸಂಕಟವಾಗುವುದಿಲ್ಲ.

ಯಾವುದೇ ಆದರೂ ಶಕ್ತಿಯನ್ನು ಹಂತಹಂತವಾಗಿ ಏರಿಸಿಕೊಳ್ಳಿ. ಸ್ಪ್ಲೆಂಡರ್ ಎಂಜಿನ್ನಿನ ಶಕ್ತಿ ಸುಮಾರು 8 ಪಿಎಸ್, ಆರ್15ದು 18, ಕೆಟಿಎಂ ಆರ್‌ಸಿ 390ದು 43. ಅಪ್ಪನ ಸ್ಪ್ಲೆಂಡರ್ ಓಡಿಸಿ ಬೆಳೆದವರು ನೇರವಾಗಿ 43ಕ್ಕೆ ಜಿಗಿಯುವುದು ಬೇಡ. ಹಳೆಯ ದೊಡ್ಡ ಬೈಕ್ ಹೊಸ ಸಣ್ಣ ಬೈಕಿನ ಬೆಲೆಗೆ ಸಿಗುತ್ತದೆ ಎಂಬುದೇ ಇಲ್ಲಿ ದೊಡ್ಡ ಆಮಿಷ.

ಅವ್ವನ ಮಾತಿನ ಲೆಕ್ಕ

ಒಣ ರಸ್ತೆ, ಒಳ್ಳೆಯ ಟೈರು, ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದ ಬೈಕ್ ನಿಲ್ಲಲು ಸುಮಾರು 37 ಮೀಟರ್ ಬೇಕು. 100ರಲ್ಲಿದ್ದರೆ ಸುಮಾರು 83 ಮೀಟರ್. ವೇಗ ಒಂದೂಮುಕ್ಕಾಲು ಪಟ್ಟೂ ಆಗಲಿಲ್ಲ, ದೂರ ಎರಡು ಪಟ್ಟು ದಾಟಿತು. ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದೇ ಇದಕ್ಕೆ ಕಾರಣ. ರಾತ್ರಿ ಡಿಮ್ ಲೈಟಿನಲ್ಲಿ ಅಷ್ಟು ದೂರ ಕಾಣುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು, ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ರಾಶಿ ನಮ್ಮ ಕಡೆಯವರಿಗೆ ಹೊಸದಲ್ಲ. ಹೊಸ ಗಾಡಿಯೂ ಅಲ್ಲಿ 83 ಮೀಟರ್ ಬೇಡುತ್ತದೆ.

ಹಾಗಾಗಿ ಹಳೆಯದು ಕೊಂಡು ಉಳಿಸಿದ ಹಣದಲ್ಲಿ ಮೊದಲು ಐಎಸ್‌ಐ ಗುರುತಿನ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಕೊಳ್ಳಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಅಪಾಯವನ್ನು ಶೇ 69ರಷ್ಟು ಕಡಿಮೆ ಮಾಡುತ್ತದೆ. ಇನ್ನೂ 18 ತುಂಬದ ತಮ್ಮನ ಕೈಗೆ ಕೀಲಿ ಕೊಡಬೇಡಿ. ಅವನು ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಬೀಳುತ್ತದೆ.

ನಮಗೆ ಫೋನ್ ಮಾಡಿದ ಹುಡುಗ ಕೊನೆಗೆ ಊರಿನವರೊಬ್ಬರ ಮೂರು ವರ್ಷದ ಗಾಡಿಯನ್ನು ಮೇಸ್ತ್ರಿಯ ಜೊತೆ ಹೋಗಿ ನೋಡಿದ. ಟೈರು, ಚೈನ್ ಹಾಕಿಸಿದ. ಹೆಸರು ಬದಲಾಗಿ ಆರ್‌ಸಿ ಕೈಗೆ ಬಂದ ಮೇಲೆಯೇ ಶಬರಿಕೊಳ್ಳಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬಂದ. ಚಕ್ರದಡಿ ನಿಂಬೆಹಣ್ಣು ಇಟ್ಟರಂತೆ. ಹೊತ್ತು ಮುಳುಗುವುದರೊಳಗೆ ಮನೆಗೆ ಬಂದನಂತೆ.